ದೇವಾನಂದರ ಹೀರೆಬಳ್ಳಿ

ಐವತ್ತು ದಾಟುವವರೆಗೂ ದೇವಾನಂದರು ಬದನೆಕಾಯಿಯನ್ನು ತಟ್ಟೆಯಲ್ಲಿ ಬಿಟ್ಟರೆ ಬೇರೆಲ್ಲೂ ಸರಿಯಾಗಿ ಕಂಡವರಲ್ಲ. ಕಾಯಿಪಲ್ಯ ತರುವುದು ಹೆಂಡತಿ ಶುಭಾಂಗಿಯ ಕೆಲಸ, ಹೆಚ್ಚುವುದು ಅವಳ ಕೆಲಸ, ಬೇಯಿಸುವುದೂ ಅವಳದೇ. ‘ಉಪ್ಪು ಸ್ವಲ್ಪ ಮುಂದಾಗೇದ’ ಎಂದು ಹೇಳುವ ಕಷ್ಟದ ಕೆಲಸವನ್ನು ಮಾತ್ರ ಅವರು ತಮ್ಮ ಪಾಲಿಗೆ ಇಟ್ಟುಕೊಂಡಿದ್ದರು. ಬಾಂದ್ರಾದ ಒಂದು ವಿಮಾ ಕಂಪನಿಯಲ್ಲಿ ಅವರು ಅಧಿಕಾರಿ. ಮನೆ ಪವಾಯಿಯಲ್ಲಿ, ಹಳೆಯ ಬಿಲ್ಡಿಂಗಿನ ನಾಲ್ಕನೇ ಮಾಳಿಗೆಯಲ್ಲಿ. ಬೆಳಿಗ್ಗೆ ಅಂಧೇರಿಗೆ ಬಸ್ಸು, ಅಲ್ಲಿಂದ ಲೋಕಲ್ ರೈಲು, ಸಂಜೆ ಮತ್ತೆ ಅದೇ ದಾರಿ. ಈ ದಾರಿಯಲ್ಲಿ ಮಣ್ಣು ಎಂಬುದು ಬೂಟಿಗೆ ಹತ್ತಿದಾಗ ಮಾತ್ರ ನೆನಪಿಗೆ ಬರುವ ವಸ್ತು.

ಇಂಥವರು ರೈತರಾದದ್ದು ಒಂದು ಮೈಕಿನ ದೆಸೆಯಿಂದ.

ಉಪನಗರದ ಕನ್ನಡ ಸಂಘಕ್ಕೆ ಅವರು ಉಪಾಧ್ಯಕ್ಷರು. ಬೇಸಿಗೆಯಲ್ಲಿ ಸಂಘದವರು ‘ವಿಷಮುಕ್ತ ತರಕಾರಿ’ ಎಂಬ ವಿಷಯದ ಮೇಲೆ ಒಂದು ಉಪನ್ಯಾಸ ಇಟ್ಟುಕೊಂಡಿದ್ದರು. ವಂದನಾರ್ಪಣೆಗೆ ಎದ್ದ ದೇವಾನಂದರು ಯಾರನ್ನೂ ವಂದಿಸದೆ ತಮ್ಮ ವಂಶವನ್ನೇ ಕೊಂಡಾಡಿಕೊಂಡರು. “ಒಕ್ಕಲುತನ ನಮ್ಮ ವಿಜಯಪುರದವರ ರಕ್ತದಾಗ ಅದ. ಈ ವರ್ಷದಿಂದ ನಮ್ಮ ಮನಿಗೆ ಬಜಾರದ ಕಾಯಿಪಲ್ಯೆ ಬರೂದಿಲ್ಲ. ಎಲ್ಲಾ ನಾನಽ ಬೆಳೀತೀನಿ!” ಎಂದರು. ಚಪ್ಪಾಳೆ ಬಿತ್ತು. ಮೂರನೇ ಸಾಲಿನಲ್ಲಿ ಕುಳಿತಿದ್ದ ಶುಭಾಂಗಿ ಮಾತ್ರ ಕೈ ತಟ್ಟಲಿಲ್ಲ. ಗಂಡ ಮೈಕಿನಲ್ಲಿ ಮಾತು ಕೊಟ್ಟದ್ದನ್ನೆಲ್ಲ ಮನೆಯಲ್ಲಿ ತಾನೇ ತೀರಿಸಬೇಕಾಗುತ್ತದೆ ಎಂಬುದು ಬೆಳಗಾವಿಯಿಂದ ಸೊಸೆಯಾಗಿ ಬಂದ ಮೊದಲ ವರ್ಷವೇ ಅವಳಿಗೆ ತಿಳಿದುಹೋಗಿತ್ತು.

“ನಿಮ್ಮ ಅಜ್ಜಾರು ಗಾಜಿನ ಬಳಿ ಅಂಗಡಿ ಇಟ್ಟಿದ್ರಲ್ರೀ. ಒಕ್ಕಲುತನ ಯಾರ ರಕ್ತದಿಂದ ಬಂತು?” ಎಂದು ರಿಕ್ಷಾದಲ್ಲಿ ಕೇಳಿದಳು.

“ಬಳಿ ತೊಗೊಳ್ಳಾಕ ಬರೋರೆಲ್ಲಾ ರೈತರ ಹೆಣ್ಮಕ್ಕಳಽ ಇದ್ರು,” ಎಂದರು ದೇವಾನಂದರು, ಬಹಳ ಗಂಭೀರವಾಗಿ.

ಮರುದಿನದಿಂದ ತಯಾರಿ ಶುರುವಾಯಿತು. ಮೊದಲು ಬಂದದ್ದು ಹುಲ್ಲಿನ ಟೊಪ್ಪಿಗೆ. ತೋಟ ಮಾಡಬೇಕಾಗಿದ್ದುದು ಅಡುಗೆಮನೆಯ ಕಿಡಕಿಯ ಹೊರಗೆ ಚಾಚಿದ ಕಬ್ಬಿಣದ ಗ್ರಿಲ್ಲಿನಲ್ಲಿ. ಅದರ ತಲೆಯ ಮೇಲೆ ತಗಡಿನ ಪತ್ರಾ ಹೊದಿಸಿತ್ತು, ಎದುರಿಗೆ ಹದಿನಾಲ್ಕು ಮಾಳಿಗೆಯ ಹೊಸ ಟವರು ನಿಂತಿತ್ತು. ಹೀಗಾಗಿ ಸೂರ್ಯ ಅಲ್ಲಿಗೆ ಅಪರೂಪದ ಅತಿಥಿ. ಆದರೂ ಬಿಸಿಲಿನಿಂದ ತಲೆ ಕಾಯ್ದುಕೊಳ್ಳಬೇಕಲ್ಲ! ಆಮೇಲೆ ಕೈಗವಸು ಬಂತು, ಬಾವಿ ತೋಡಲು ಸಾಕಾಗುವಂಥ ಸಲಿಕೆ ಬಂತು. ಮೊಬೈಲಿನಲ್ಲಿ ತರಿಸಿದ ಸೆಗಣಿಯ ಕುಳ್ಳು ಬಣ್ಣದ ಕಾಗದ ಸುತ್ತಿಕೊಂಡು, ರಿಬ್ಬನ್ ಕಟ್ಟಿಕೊಂಡು ಬಂತು. ಕಾಲೇಜಿಗೆ ಹೋಗುವ ಮಗಳು ಮಾಧುರಿ ಯಾರೋ ತನಗೆ ಗಿಫ್ಟ್ ಕಳಿಸಿದ್ದಾರೆಂದು ಅದನ್ನು ಸಂಭ್ರಮದಿಂದ ಬಿಚ್ಚಿದಳು. ಆ ಸಂಭ್ರಮದ ಫಲವಾಗಿ ಮೂರು ದಿನ ಅಪ್ಪನೊಡನೆ ಮಾತು ಬಿಟ್ಟಳು.

ಕುಂಡಗಳಲ್ಲಿ ಟೊಮೆಟೊ, ಪಾಲಕ್, ಮೆಂತ್ಯೆ, ಬೆಂಡೆ, ಹೀರೆ ಎಲ್ಲವನ್ನೂ ಒಂದೇ ಭಾನುವಾರ ಬಿತ್ತಿದರು. ಬಿತ್ತಿದ ಮೇಲೆ ಅವರಿಗೆ ನಿದ್ದೆ ಬರಲಿಲ್ಲ. ಕಚೇರಿಯಲ್ಲಿ ತಮ್ಮ ಕೈಕೆಳಗಿನವರ ಕೆಲಸ ಎಲ್ಲಿಗೆ ಬಂತು ಎಂದು ದಿನವೂ ಫೈಲು ತೆಗೆಸಿ ನೋಡಿ ರೂಢಿಯಾದವರು. ಅದೇ ಶಿಸ್ತಿನಿಂದ ಪ್ರತಿ ಬೆಳಿಗ್ಗೆ ಬೆಂಡೆಬೀಜವನ್ನು ಮಣ್ಣಿನಿಂದ ತೆಗೆದು, ಕನ್ನಡಕ ಏರಿಸಿ, ಮೊಳಕೆ ಬಂತೇ ಎಂದು ಪರೀಕ್ಷಿಸಿ, ಮತ್ತೆ ಹುಗಿಯುತ್ತಿದ್ದರು. ಇಷ್ಟು ಬಿಗಿಯಾದ ಮೇಲ್ವಿಚಾರಣೆಯಲ್ಲಿ ಯಾವ ಬೀಜ ತಾನೇ ಬದುಕೀತು? ಬೆಂಡೆ ಮಣ್ಣಿನೊಳಗೇ ರಾಜೀನಾಮೆ ಕೊಟ್ಟಿತು. ಟೊಮೆಟೊ ಕುಂಡದಲ್ಲಿ ಒಂದು ಪಾರಿವಾಳ ಬಂದು ಕಡ್ಡಿ ಜೋಡಿಸಿ ಎರಡು ಮೊಟ್ಟೆ ಇಟ್ಟಿತು. ಆ ವರ್ಷ ದೇವಾನಂದರ ಕೃಷಿಯಲ್ಲಿ ಮೊದಲು ಬಂದ ಫಸಲು ಅದೇ.

ಪಾಲಕ್ ಮಾತ್ರ ಚೆನ್ನಾಗಿ ಎದ್ದಿತ್ತು. ಅಷ್ಟರಲ್ಲಿ ಅವರು, ಕಳೆಯನ್ನು ಕರುಣೆಯಿಲ್ಲದೆ ಕೀಳಬೇಕು ಎಂದು ಎಲ್ಲೋ ಓದಿದರು. ಟೊಪ್ಪಿಗೆ ಹಾಕಿಕೊಂಡು ಕೂತು ಕರುಣೆಯಿಲ್ಲದೆ ಕಿತ್ತರು. ಉಳಿದದ್ದಕ್ಕೆ ಗೊಬ್ಬರ ಹಾಕಿದರು, ನೀರೆರೆದರು, ಅದು ಮೊಣಕಾಲೆತ್ತರ ಬೆಳೆದಾಗ ಫೋಟೊ ತೆಗೆದು ಸಂಘದ ಗ್ರೂಪಿಗೆ ಹಾಕಿದರು.

ಮಾಧುರಿ ಫೋಟೊ ನೋಡಿದಳು, ಕುಂಡ ನೋಡಿದಳು. “ಪಪ್ಪಾ, ಇದು... ಯೇ ತೋ ಘಾಸ್ ಹೈ ನಾ?”

“ಹುಲ್ಲಲ್ಲವ್ವಾ, ಪಾಲಕ್. ದೇಸೀ ತಳಿ.”

ಶುಭಾಂಗಿ ಒಂದು ಎಲೆ ಹರಿದು ಮೂಸಿದಳು. “ದೇಸೀ ಹುಲ್ಲು,” ಎಂದು ಹೇಳಿ ಒಳಗೆ ಹೋಗಿ ಕುಕ್ಕರಿಗೆ ಬೇಳೆ ಹಾಕಿದಳು.

ಇನ್ನು ಹೀರೆ. ಅದರ ಕುಂಡ ಗ್ರಿಲ್ಲಿನ ತೀರಾ ಮೂಲೆಯಲ್ಲಿ, ಒಡೆದ ಬಕೆಟ್ಟಿನ ಹಿಂದೆ ಇತ್ತು. ಅಲ್ಲಿ ಬೀಜ ಹಾಕಿದ್ದನ್ನು ದೇವಾನಂದರು ಮರೆತೇಬಿಟ್ಟಿದ್ದರು. ಯಾರೂ ಅಗೆದು ನೋಡಲಿಲ್ಲ, ಯಾರೂ ಗೊಬ್ಬರ ಸುರಿಯಲಿಲ್ಲ. ಈ ಅನಾಥಸ್ಥಿತಿಯ ಪೂರ್ತಿ ಲಾಭ ಪಡೆದು ಹೀರೆ ಹಾಯಾಗಿ ಹುಟ್ಟಿತು. ಜುಲೈ ಮಳೆಗೆ ಬಳ್ಳಿ ಬಿಟ್ಟು ಸರಳು ಹಿಡಿದು ಹತ್ತಿದಾಗಲೇ ಅದು ಮನೆಯವರ ಕಣ್ಣಿಗೆ ಬಿದ್ದದ್ದು.

ಅಲ್ಲಿಂದ ಅದರ ಕಷ್ಟದ ದಿನಗಳು ಶುರುವಾದವು. ಗಿಡಗಳನ್ನು ನೋಡಿಕೊಳ್ಳುವ ಒಂದು ಆಪನ್ನು ದೇವಾನಂದರು ಮೊಬೈಲಿಗೆ ಹಾಕಿಕೊಂಡಿದ್ದರು. ಅದು ಬೆಳಿಗ್ಗೆ ಎಂಟಕ್ಕೆ ‘ನೀರು ಕೊಡಿ’ ಎಂದು ಗಂಟೆ ಬಾರಿಸುತ್ತಿತ್ತು. ಹೊರಗೆ ಆಕಾಶ ಹರಿದುಬೀಳುವ ಹಾಗೆ ಮಳೆ, ರಸ್ತೆಯಲ್ಲಿ ಮೊಣಕಾಲು ನೀರು, ಲೋಕಲ್ ಬಂದ್. ದೇವಾನಂದರು ರೇನ್‌ಕೋಟ್ ತೊಟ್ಟು, ಗ್ರಿಲ್ಲಿಗೆ ಕೈ ಚಾಚಿ, ತಂಬಿಗೆಯಿಂದ ಬಳ್ಳಿಗೆ ನೀರು ಹಾಕುತ್ತಿದ್ದರು. ಗಿಡಗಳ ಜೊತೆ ಪ್ರೀತಿಯಿಂದ ಮಾತಾಡಬೇಕೆಂದು ಅದೇ ಆಪು ಹೇಳಿತು. ಮಾತಾಡಿದರು, ಅದೂ ಇಂಗ್ಲಿಷಿನಲ್ಲಿ. ಆಪು ಇಂಗ್ಲಿಷಿನದಾದ್ದರಿಂದ ಬಳ್ಳಿಯೂ ಅದೇ ಮೀಡಿಯಮ್ಮಿನದಿರಬೇಕು ಎಂದು ಅವರ ಲೆಕ್ಕ. ‘ಗುಡ್ ಮಾರ್ನಿಂಗ್, ಹೌ ಆರ್ ವೀ ಟುಡೇ’ ಎಂದು ಅವರು ಕಿಡಕಿಯಲ್ಲಿ ಶುರುಮಾಡಿದರೆ, ಪಕ್ಕದ ಫ್ಲ್ಯಾಟಿನವರು ತಮ್ಮ ಕಿಡಕಿ ಮುಚ್ಚಿಕೊಳ್ಳುತ್ತಿದ್ದರು.

ಈ ಮಾತು ತಾಳದೆಯೋ, ಬೆಳಕಿನ ಆಸೆಯಿಂದಲೋ, ಹೀರೆಬಳ್ಳಿ ಪತ್ರಾದ ಮೂಲೆಯ ಸಂದಿಯಲ್ಲಿ ತಲೆ ತೂರಿಸಿ ಹೊರಗೆ ಪಾರಾಯಿತು. ನೇರ ಮೇಲಕ್ಕೆ ಹೋಗಿ ಐದನೇ ಮಾಳಿಗೆಯ ಅಡುಗೆಮನೆಯ ಗ್ರಿಲ್ಲನ್ನು ಹಿಡಿದುಕೊಂಡಿತು. ಟವರಿನ ನೆರಳು ತಪ್ಪಿ ಅಲ್ಲಿಗೆ ಮಧ್ಯಾಹ್ನದ ಬಿಸಿಲು ಸಾಕಷ್ಟು ಬೀಳುತ್ತಿತ್ತು. ಬಳ್ಳಿ ಅಲ್ಲಿ ಹರಡಿತು, ಹಳದಿ ಹೂ ಬಿಟ್ಟಿತು, ಕಾಯಿ ಕಚ್ಚಿತು. ಕೆಳಗೆ ದೇವಾನಂದರ ಪಾಲಿಗೆ ಉಳಿದದ್ದು ಕುಂಡ, ಒಂದು ಮಾರುದ್ದದ ಬೋಳು ಕಾಂಡ ಮತ್ತು ನಾಲ್ಕೈದು ಬಡಕಲು ಎಲೆ. ತಲೆಯ ಮೇಲೆ ಪತ್ರಾ ಇದ್ದುದರಿಂದ ಅದರಾಚೆ ಏನಿದೆ ಎಂಬುದು ಅವರಿಗೆ ಕಾಣುತ್ತಿರಲಿಲ್ಲ. ಬಳ್ಳಿ ಅಲ್ಲಿಗೇ ಮುಗಿಯಿತು ಎಂದುಕೊಂಡಿದ್ದರು.

ಐದನೇ ಮಾಳಿಗೆಯಲ್ಲಿದ್ದವರು ನೀಲಕಂಠಪ್ಪ ಮತ್ತು ಮಲ್ಲಕ್ಕ. ಧಾರವಾಡದ ಕಡೆಯವರು. ದಾದರದಲ್ಲಿ ಬಹಳ ವರ್ಷ ಬಟ್ಟೆ-ಅರಿವೆಯ ವ್ಯಾಪಾರ ಮಾಡಿ, ಅಂಗಡಿಯನ್ನು ಮಗನಿಗೆ ಒಪ್ಪಿಸಿ, ನೀಲಕಂಠಪ್ಪನವರು ಈಗ ಮನೆಯಲ್ಲಿ ಪೇಪರು ಓದುತ್ತ ಕೂತಿದ್ದರು. ಒಂದು ಬೆಳಿಗ್ಗೆ ಅಡುಗೆಮನೆಯ ಗ್ರಿಲ್ಲಿನಲ್ಲಿ ಹೂ ಕಂಡು ಅವರು ಕೈ ಮುಗಿದರು. ಗೋಡೆಯ ಬಿರುಕಿನಲ್ಲಿ ಅರಳಿಗಿಡ ಹುಟ್ಟುವುದಿಲ್ಲವೇ, ಹಾಗೆ ಯಾವುದೋ ಹಕ್ಕಿಯ ದಯೆಯಿಂದ ಇದೂ ಬಂದಿದೆ ಎಂದು ನಂಬಿದರು. ಮಲ್ಲಕ್ಕ ಹಾಗೆಲ್ಲ ನಂಬುವವಳಲ್ಲ. ಕಾಂಡ ಎತ್ತ ಹೋಗಿದೆ ಎಂದು ಬಗ್ಗಿ ನೋಡಿದಳು, ನಾಲ್ಕು ಕಾಯಿ ಕೊಯ್ದು ಉಡಿಯಲ್ಲಿ ಹಾಕಿಕೊಂಡು, ದೇವಾನಂದರು ಕಚೇರಿಗೆ ಹೋದ ಹೊತ್ತು ನೋಡಿ ಕೆಳಗಿಳಿದು ಬಂದಳು.

“ಶುಭಾ, ಇವು ನಿಮ್ಮವು ನೋಡವಾ. ನಿನ್ನ ಗಂಡ ಬೆಳದದ್ದು.”

ಶುಭಾಂಗಿಗೆ ಅದು ಮೊದಲೇ ಗೊತ್ತಿತ್ತು. ಕಾಯಿಪಲ್ಯ ತರಲು ಹಿಂದಿನ ಗೇಟಿನಿಂದ ಹೋಗುವಾಗ ತಲೆ ಎತ್ತಿದರೆ ಇಡೀ ಬಳ್ಳಿ ಕಾಣುತ್ತಿತ್ತು. ದೇವಾನಂದರು ಬಸ್ ಸ್ಟಾಪಿಗೆಂದು ಮುಂದಿನ ಗೇಟಿನಿಂದ ಹೋಗುವವರು. ಅವಳು ಬಾಗಿಲು ಹಾಕಿ ಮೆಲ್ಲಗೆ ಹೇಳಿದಳು: “ಕಾಕು, ನಿಮ್ಮ ಕಾಲಿಗೆ ಬೀಳ್ತೀನಿ, ಇವರಿಗೆ ಹೇಳಬ್ಯಾಡ್ರಿ. ಗೊತ್ತಾದ್ರ ಟೊಪ್ಪಿಗಿ ಹಾಕ್ಕೊಂಡು, ಸಲಿಕಿ ಹಿಡ್ಕೊಂಡು ನಿಮ್ಮನಿಗೇ ಬರ್ತಾರ. ಆಮ್ಯಾಲ ಬಳ್ಳೀನೂ ಉಳಿಯೂದಿಲ್ಲ, ನಿಮ್ಮ ಅಡಗಿಮನೀನೂ ಉಳಿಯೂದಿಲ್ಲ.”

ಮಲ್ಲಕ್ಕ ಬಾಯಿಗೆ ಸೆರಗು ಒತ್ತಿ ನಕ್ಕಳು. ನೀಲಕಂಠಪ್ಪನವರಿಗೂ ಹೇಳಕೂಡದೆಂದು ಒಪ್ಪಂದವಾಯಿತು. ಅಂದಿನಿಂದ ವಾರಕ್ಕೊಮ್ಮೆ ಮೇಲಿನ ಮನೆಯಿಂದ ಬೋಗುಣಿ ಬರತೊಡಗಿತು. ಒಮ್ಮೆ ಹೀರೆಕಾಯಿ ಪಲ್ಯ, ಒಮ್ಮೆ ಎಣ್ಣೆಗಾಯಿ, ಒಮ್ಮೆ ಸಿಪ್ಪೆಯ ಚಟ್ನಿ.

“ಕಾಕಾ ಬೆಳದದ್ದಂತ?” ಎಂದು ದೇವಾನಂದರು ಬೆರಳು ನೆಕ್ಕುತ್ತ ಕೇಳುತ್ತಿದ್ದರು. “ನೋಡು, ಎಷ್ಟು ಎಳೀದದ! ಅರಿವಿ ಹರ್ದು ಮಾರಿದವ್ರಿಗೆ ಇದು ಹ್ಯಾಂಗ ಬರ್ತದ? ನಾ ಪುಸ್ತಕಾ ಓದೇನಿ, ಆಪ್ ಹಾಕೀನಿ. ನಂದು ಒಂದು ಹೂವು ಸೈತ ಬಿಡವಲ್ದು.”

“ಅವರು ಮಾತಾಡ್ಸೂದಿಲ್ರೀ, ಅದಕ್ಕ ಇರಬೇಕು,” ಎನ್ನುತ್ತಿದ್ದಳು ಶುಭಾಂಗಿ.

ಸಂಘದ ದಸರಾ ಕಾರ್ಯಕ್ರಮ ಹತ್ತಿರ ಬಂತು. ‘ಹಸಿರು ಮನೆ’ ಎಂದು ಒಂದು ಸ್ಪರ್ಧೆ ಇಡೋಣ ಎಂದು ಸಮಿತಿಯಲ್ಲಿ ಸೂಚಿಸಿದವರು ಉಪಾಧ್ಯಕ್ಷರೇ. ಸ್ಪರ್ಧಿಗಳು ಕಡಿಮೆ, ಬಹುಮಾನ ಎತ್ತಲೂ ಹೋಗುವುದಿಲ್ಲ ಎಂಬ ಭರವಸೆ ಅವರಿಗೆ. ತೀರ್ಪುಗಾರರು ಮನೆಗೆ ಬಂದರು. ದೇವಾನಂದರು ಟೊಪ್ಪಿಗೆ ಧರಿಸಿ ಮಣ್ಣಿನ ಜೀವಸತ್ವದ ಬಗ್ಗೆ ಒಂದು ಗಂಟೆ ಮಾತಾಡಿದರು. ಮಾತು ಮುಗಿದ ಮೇಲೆ ತೀರ್ಪುಗಾರರಿಗೆ ಕಂಡದ್ದು ಹುಲ್ಲು, ಬೋಳು ಕಾಂಡ ಮತ್ತು ಕುಂಡದಲ್ಲಿ ಕೂತು ಅವರನ್ನೇ ಗುರಾಯಿಸುತ್ತಿದ್ದ ಪಾರಿವಾಳ. ಚಹಾ ಕುಡಿದು ಅವರು, ಸ್ಪರ್ಧೆಗೆ ಹೆಸರು ಕೊಟ್ಟಿದ್ದ ಮೇಲಿನ ಮನೆಗೆ ಹೋದರು. ಅಲ್ಲಿ ಯಾರೂ ಮಾತಾಡಲಿಲ್ಲ. ಗ್ರಿಲ್ಲಿನ ತುಂಬ ಕಾಯಿ ತೂಗುತ್ತಿದ್ದವು.

ವೇದಿಕೆಯ ಮೇಲೆ ನೀಲಕಂಠಪ್ಪನವರಿಗೆ ಶಾಲು ಹೊದಿಸುವ ಭಾಗ್ಯ ಉಪಾಧ್ಯಕ್ಷರದೇ ಆಯಿತು. ‘ನಿಮ್ಮ ಸಾಧನೆಯ ಗುಟ್ಟು ಹೇಳ್ರಿ’ ಎಂದು ಮೈಕು ಮುಂದೆ ಹಿಡಿದಾಗ ಮುದುಕ ನಿಜವನ್ನೇ ಹೇಳಿದರು: “ನಾ ಏನೂ ಮಾಡಿಲ್ರೀ. ಒಂದಿನಾ ಮುಂಜಾನೆ ಎದ್ದು ನೋಡಿದೆ, ಬಂದಿತ್ತು.”

ಇದು ದೊಡ್ಡವರ ವಿನಯ ಎಂದು ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಮಲ್ಲಕ್ಕ. ಶುಭಾಂಗಿ ನೀರು ಕುಡಿಯುವ ನೆಪದಲ್ಲಿ ಎದ್ದು ಹೊರಗೆ ಹೋದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ಆಪು ಗಂಟೆ ಬಾರಿಸಿತು. ದೇವಾನಂದರು ತಂಬಿಗೆ ಹಿಡಿದು ಗ್ರಿಲ್ಲಿನ ಮುಂದೆ ನಿಂತರು. ಬೋಳು ಕಾಂಡವನ್ನು ಬಹಳ ಹೊತ್ತು ನೋಡಿದರು. ಮೂರು ತಿಂಗಳ ನೀರು, ಗೊಬ್ಬರ, ಇಂಗ್ಲಿಷು ಎಲ್ಲ ನೆನಪಾಯಿತು. ತಂಬಿಗೆ ಕೆಳಗಿಟ್ಟು, ಅಡುಗೆಮನೆಯ ಕತ್ತರಿ ತಂದು, “ಕೃತಘ್ನ!” ಎಂದು ಬಯ್ದು, ಬಳ್ಳಿಯನ್ನು ಬುಡಕ್ಕೇ ಕತ್ತರಿಸಿದರು. ಇದೊಂದು ಮಾತನ್ನು ಮಾತ್ರ ಅವರು ಅದಕ್ಕೆ ಕನ್ನಡದಲ್ಲಿ ಹೇಳಿದ್ದು. ಕಾಂಡ ಸರಳಿಗೆ ಸುತ್ತಿಕೊಂಡಿದ್ದರಿಂದ ಒಣಗಿದ ಮೇಲೆ ತಾನೇ ಉದುರಲಿ ಎಂದು ಹಾಗೆಯೇ ಬಿಟ್ಟು ಕಚೇರಿಗೆ ಹೋದರು.

ಎರಡು ದಿನಕ್ಕೆ ನೀಲಕಂಠಪ್ಪನವರು ಶಾಲು ಹೊದ್ದುಕೊಂಡೇ ಕೆಳಗೆ ಓಡಿಬಂದರು. ಅಂದು ದೇವಾನಂದರಿಗೆ ರಜೆ.

“ಸಾಹೇಬ್ರ, ಲಗೂ ಮ್ಯಾಲ ಬರ್ರಿ. ಬಳ್ಳಿಗೆ ಏನೋ ಬ್ಯಾನಿ ಬಂದದ. ಎಲಿ ಎಲ್ಲಾ ಜೋತು ಬಿದ್ದಾವ, ಕಾಯಿ ಮುರುಟ್ಯಾವ. ನಾಳಿ ಸಂಘದ ಪತ್ರಿಕೆಯವ್ರು ಫೋಟೊ ತಗೀಲಿಕ್ಕೆ ಬರಾವ್ರಿದ್ದಾರ. ನೀವು ಓದಿದವ್ರು, ನೀವಽ ಏನರ ಮಾಡಬೇಕು.”

ಬಹುಮಾನ ಗೆದ್ದವನು ಸೋತವನ ಬಾಗಿಲಿಗೆ ಬಂದಿದ್ದ. ದೇವಾನಂದರ ಮುಖ ಅರಳಿತು. ಭೂತಗನ್ನಡಿ ಹುಡುಕಿ ತೆಗೆದುಕೊಂಡು, ಟೊಪ್ಪಿಗೆ ಇಟ್ಟುಕೊಂಡು, ವೈದ್ಯರ ಠೀವಿಯಲ್ಲಿ ಮೇಲೆ ಹೋದರು. ಇತ್ತ ಶುಭಾಂಗಿ ಅಕ್ಕಿ ತೊಳೆದ ನೀರನ್ನು ಕುಂಡಕ್ಕೆ ಸುರಿಯಲು ಹೋದವಳು ಕಾಂಡ ಕತ್ತರಿಸಿದ್ದನ್ನು ಕಂಡಳು. “ಅಯ್ಯ ನಮ್ಮವ್ವಾ!” ಎಂದು ಪಾತ್ರೆ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ಓಡಿದಳು.

ಅವಳು ಬರುವಷ್ಟರಲ್ಲಿ ದೇವಾನಂದರು ಸ್ಟೂಲಿನ ಮೇಲೆ ನಿಂತು ಎಲೆಗಳ ಪರೀಕ್ಷೆ ಮುಗಿಸಿದ್ದರು. “ವೈರಸ್ ಇರಬಹುದು. ಹವಾಮಾನದ್ದೂ ಇರಬಹುದು,” ಎಂದರು. “ಮೊದಲ ಬುಡಾ ನೋಡಬೇಕು. ಎಲ್ಲಿ ಹಚ್ಚೀರಿ?”

“ನಾ ಎಲ್ಲೂ ಹಚ್ಚಿಲ್ರೀ.”

“ಹಚ್ಚಲಾರದಽ ಹ್ಯಾಂಗ ಬರ್ತದ ಕಾಕಾ?” ಎಂದು ದೇವಾನಂದರು ಕಾಂಡವನ್ನು ಬೆರಳಿನಿಂದ ಹಿಡಿದು ಸರಳಿನಿಂದ ಸರಳಿಗೆ ಸಾಗಿದರು. ಸರಳುಗಳ ನಡುವೆ ತಲೆ ತೂರಿಸಿದರು. ಟೊಪ್ಪಿಗೆ ಜಾರಿ ಕೆಳಗೆ ರಸ್ತೆಗೆ ಬಿತ್ತು. “ಹಾಂ, ಸಿಕ್ತು. ಇದು ಕೆಳಗ ಇಳದದ.”

“ಕೆಳಗ ಯಾರ ಮನಿ ಅದ?” ಎಂದರು ನೀಲಕಂಠಪ್ಪ.

ಗ್ರಿಲ್ಲಿನಿಂದ ಬಂದದ್ದು ಬಹಳ ಸಣ್ಣ ಧ್ವನಿ. “ಕೆಳಗ... ನಮ್ಮನಿ.”

ಮಲ್ಲಕ್ಕ ಶುಭಾಂಗಿಯ ಮುಖ ನೋಡಿದಳು. ಶುಭಾಂಗಿ ಒಲೆಯ ಕಡೆ ನೋಡಿದಳು. ದೇವಾನಂದರು ತಲೆ ಹೊರಗೆಳೆದುಕೊಂಡು ಸ್ಟೂಲಿನಿಂದಿಳಿದರು. ಅವರ ಮುಖದಲ್ಲಿ ಮೊದಲು ಬಂದದ್ದು ದುಃಖವಲ್ಲ, ವಿಜಯ. “ಅಂದ್ರ ಇದು ನನ್ನ ಬಳ್ಳಿ! ಇಷ್ಟೂ ಕಾಯಿ ನಾನಽ ಬೆಳದದ್ದು! ಕಾಕಾ, ಆ ಶಾಲು...”

“ನಿಮ್ಮದಾಗಿದ್ರ ಶಾಲೂ ನಿಮ್ಮದಽ ರೀ,” ಎಂದರು ನೀಲಕಂಠಪ್ಪ, ಶಾಲಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡೇ. “ಆದ್ರ ನಿಮ್ಮ ಬಳ್ಳಿ ಹಿಂಗ ಯಾಕ ಒಣಗ್ತು, ಅದನ್ನರ ಹೇಳ್ರಿ.”

ದೇವಾನಂದರು ಭೂತಗನ್ನಡಿ ಹಿಡಿದು ಮತ್ತೊಂದು ಎಲೆಯ ಕಡೆ ತಿರುಗಿದರು.

“ಹೇಳ್ರಲಾ,” ಎಂದಳು ಶುಭಾಂಗಿ. “ವೈರಸ್ಸೋ, ಕತ್ತರಿಯೋ?”

ಮಲ್ಲಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ನಗುತ್ತ ನಗುತ್ತ ನೆಲದ ಮೇಲೇ ಕೂತುಬಿಟ್ಟಳು. ನೀಲಕಂಠಪ್ಪನವರಿಗೆ ಸಂಗತಿ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, ಸಿಟ್ಟಾಗಬೇಕೋ ನಾಚಿಕೊಳ್ಳಬೇಕೋ ತಿಳಿಯದೆ ಮೂಗಿನ ಮೇಲಿನ ಕನ್ನಡಕ ತೆಗೆದು ಶಾಲಿನಿಂದ ಒರೆಸತೊಡಗಿದರು.

ದೇವಾನಂದರು ಗೋಡೆಗೆ ಒರಗಿ ನಿಂತು ಯೋಚಿಸಿದರು. ಬಳ್ಳಿ ತನ್ನದೆಂದು ಸಂಘದಲ್ಲಿ ಹೇಳಿದರೆ ಬಹುಮಾನವೇನೋ ಬರುತ್ತದೆ. ಆದರೆ ತನ್ನ ಬಳ್ಳಿ ಎಲ್ಲಿ ಕಾಯಿ ಬಿಟ್ಟಿತ್ತೆಂದು ತನಗೇ ಗೊತ್ತಿರಲಿಲ್ಲ, ಗೊತ್ತಿಲ್ಲದೆ ಕಡಿದುಹಾಕಿದೆ ಎಂದೂ ಅದೇ ಮೈಕಿನಲ್ಲಿ ಹೇಳಬೇಕಾಗುತ್ತದೆ. ಹೇಳದಿದ್ದರೆ ಶುಭಾಂಗಿ ಹೇಳುತ್ತಾಳೆ, ಮೈಕಿಲ್ಲದೆಯೇ. ಕೊನೆಗೆ ಕೆಮ್ಮಿ ಗಂಟಲು ಸರಿಮಾಡಿಕೊಂಡು, “ಶಾಲು ಕಾಕಾ ಕಡೆನೇ ಇರ್ಲಿ. ಅವರು ಹಿರೇರು,” ಎಂದು ಬಹಳ ಉದಾರವಾಗಿ ನುಡಿದರು.

“ಅದು ಖರೆ. ಆದ್ರ ನಾಳಿ ಫೋಟೊಕ್ಕ ಏನು ತೋರ್ಸೂದು?” ಎಂದರು ನೀಲಕಂಠಪ್ಪ.

ಉಪಾಯ ಹೇಳಿದವಳು ಮಲ್ಲಕ್ಕ. ಮರುದಿನ ಬೆಳಿಗ್ಗೆ ಶುಭಾಂಗಿ ಬಜಾರಿಗೆ ಹೋಗಿ ಒಂದು ಚೀಲ ಹೀರೆಕಾಯಿ ತಂದಳು. ದೇವಾನಂದರು ಸ್ಟೂಲು ಹತ್ತಿ, ಮಲ್ಲಕ್ಕ ಕೊಟ್ಟ ಹಸಿರು ದಾರದಿಂದ ಒಂದೊಂದೇ ಕಾಯಿಯನ್ನು ಒಣಗಿದ ಬಳ್ಳಿಗೆ ಕಟ್ಟಿದರು. ಹೊಲಿಗೆ ಬಾರದ ಕೈ, ಆದರೂ ಬಿಗಿಯಾಗಿಯೇ ಗಂಟು ಹಾಕಿದರು. ಎರಡು ಕಾಯಿಗಳನ್ನು ತಲೆಕೆಳಗಾಗಿ ಕಟ್ಟಿದ್ದನ್ನು ಮಾಧುರಿ ತೋರಿಸಿದಳು. “ಪಪ್ಪಾ, ಉಲ್ಟಾ ಆಗೇದ!” ಬಿಚ್ಚಿ ಮತ್ತೆ ಕಟ್ಟಿದರು.

ಫೋಟೊ ತೆಗೆಯಲು ಬಂದ ಅನಿಕೇತ್ ಪುಣೆಯಲ್ಲಿ ಬೆಳೆದ ತರುಣ. ಕಾಯಿ ಎತ್ತ ಮುಖ ಮಾಡಿ ತೂಗುತ್ತದೆ ಎಂಬುದೂ ಅವನಿಗೆ ತಿಳಿಯದು. “ಎಲಿ ಯಾಕ ಇಷ್ಟು ಪೀಲಾ?” ಎಂದು ಹಳದಿ ಎಲೆಯೊಂದನ್ನು ಮುಟ್ಟಿ ಕೇಳಿದನಷ್ಟೆ.

“ಸಾವಯವ,” ಎಂದರು ದೇವಾನಂದರು.

ಅವನು ತಲೆಯಾಡಿಸಿ ಬರೆದುಕೊಂಡ. ನೀಲಕಂಠಪ್ಪನವರು ಶಾಲು ಹೊದ್ದು ಬಳ್ಳಿಯ ಪಕ್ಕ ನಿಂತು, ಒಂದು ಕಾಯಿಯನ್ನು ಮೆಲ್ಲಗೆ, ದಾರ ಕಾಣದಂತೆ ಅಂಗೈಯಲ್ಲಿ ಹಿಡಿದುಕೊಂಡು ನಕ್ಕರು. ಫೋಟೊ ಚೆನ್ನಾಗಿಯೇ ಬಂತು.

ಅನಿಕೇತ್ ಹೋದ ಮೇಲೆ ಮಲ್ಲಕ್ಕ ಕಾಯಿಗಳನ್ನು ಬಿಚ್ಚಿಕೊಂಡು ಹೆಚ್ಚಿ, ಶೇಂಗಾಪುಡಿ ಹಾಕಿ ಎಣ್ಣೆಗಾಯಿ ಮಾಡಿದಳು. ಶುಭಾಂಗಿ ರೊಟ್ಟಿ ಬಡಿದಳು. ಎರಡೂ ಮನೆಯವರು ನೆಲದ ಮೇಲೆ ಸಾಲಾಗಿ ಕೂತು ಉಂಡರು. ದೇವಾನಂದರು ಮೊದಲ ತುತ್ತು ನುಂಗಿ, ಕಣ್ಣು ಮುಚ್ಚಿ, ತೃಪ್ತಿಯಿಂದ ತಲೆದೂಗಿದರು.

“ಏನಽ ಅನ್ರಿ ಕಾಕಾ, ಮನ್ಯಾಗ ಬೆಳದದ್ದರ ರುಚಿನಽ ಬ್ಯಾರೆ.”

ಶುಭಾಂಗಿ ಅವರ ತಟ್ಟೆಗೆ ಇನ್ನೊಂದು ಚಮಚ ಎಣ್ಣೆಗಾಯಿ ಬಡಿಸಿದಳು.